8251 ಅಂದರೆ ಹೆಸರೋ, ವಾರವೋ?

ಗೆಳೆಯನೊಬ್ಬ ಹಳೇ ಸರ್ಕ್ಯೂಟ್ ಬೋರ್ಡೊಂದನ್ನು ಪೇಪರಿನಲ್ಲಿ ಸುತ್ತಿ ತಂದು ಕೊಟ್ಟ. ಅವನ ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಪೆಟ್ಟಿಗೆಯ ತಳದಲ್ಲಿ ಇದು ಸಿಕ್ಕಿತಂತೆ. “ಅಪ್ಪ ಕೆಲಸ ಮಾಡ್ತಿದ್ದ ಯಾವುದೋ ಮಷಿನ್ನಿನದು ಕಣೋ. ಏನಿದು ಅಂತ ಹೇಳೋಕಾಗುತ್ತಾ?” ಅಂದ.

ನೋಡ್ತೀನಿ ಅಂದೆ. ಬೋರ್ಡಿನ ಮೇಲೆ ಕಂಪನಿಯ ಹೆಸರಿರಲಿಲ್ಲ. ತಾಮ್ರದಲ್ಲಿ ಮೂಡಿದ ಒಂದು ನಂಬರ್ ಮಾತ್ರ ಇತ್ತು, ಅದನ್ನು ಎಲ್ಲಿ ಹುಡುಕಿದರೂ ಏನೂ ಸಿಗಲಿಲ್ಲ. ಉಳಿದದ್ದು ಚಿಪ್‌ಗಳು. ಎಣಿಸಿದೆ, 57 ಇದ್ದವು. ಈ 57 ಚಿಪ್‌ಗಳು ಏನು ಅಂತ ಗೊತ್ತಾದರೆ ಬೋರ್ಡ್ ಏನು ಅಂತಲೂ ಗೊತ್ತಾಗುತ್ತದೆ, ಅಲ್ವಾ? ಹಾಗಂದುಕೊಂಡು ಶುರು ಮಾಡಿದೆ. ಮೂರು ವಾರ ಹಿಡಿಯಿತು.

ಮೊದಲ ದಿನವೇ ಒಂದು ತಪ್ಪು ಮಾಡಿದೆ. ಧೂಳು ಜಾಸ್ತಿ ಇತ್ತು ಅಂತ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಂದು ಚಿಪ್ಪನ್ನು ಒರೆಸಿದೆ. ಧೂಳಿನ ಜೊತೆ ಬರಹದ ಮೂರನೇ ಸಾಲೂ ಹೋಯಿತು. ಹಳೇ ಚಿಪ್‌ಗಳ ಮೇಲಿನ ಬರಹ ಬಹುಪಾಲು ಶಾಯಿಯದು, ಲೇಸರ್‌ನಲ್ಲಿ ಕೆತ್ತಿದ್ದಲ್ಲ. ಆ ಸಾಲಿನಲ್ಲಿ ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿಂದ ಮುಂದೆ ಒಂದೇ ಕ್ರಮ: ಮೊದಲು ಫೋಟೊ, ಆಮೇಲೆ ಮೆತ್ತನೆಯ ಒಣ ಬ್ರಶ್, ಅದೂ ಬೇಕಾದರೆ ಮಾತ್ರ.

ಓದುವುದೇ ಒಂದು ಕೆಲಸ. ನೇರ ಬೆಳಕಿನಲ್ಲಿ ಏನೂ ಕಾಣದ ಚಿಪ್ ಮೇಲೆ ಟಾರ್ಚನ್ನು ಪಕ್ಕದಿಂದ, ಬೋರ್ಡಿಗೆ ತಾಗುವಷ್ಟು ಕೆಳಗೆ ಹಿಡಿದರೆ ಅಕ್ಷರಗಳು ಎದ್ದು ಬರುತ್ತವೆ. ಅದಕ್ಕೂ ಬಾರದಿದ್ದರೆ ಬಾಯಿಂದ ಮೆಲ್ಲಗೆ ಹಬೆ ಊದಬೇಕು. ಶಾಯಿ ಇದ್ದ ಜಾಗದಲ್ಲಿ ಹಬೆ ಬೇರೆ ಥರ ಕೂರುತ್ತದೆ. ಎರಡು ಸೆಕೆಂಡ್ ಅಷ್ಟೇ, ಆಮೇಲೆ ಮಾಯ. ಆ ಎರಡು ಸೆಕೆಂಡಿನಲ್ಲಿ ಓದಿಬಿಡಬೇಕು. ಮಾಸಿದ ಬರಹದಲ್ಲಿ ಎಸ್ ಮತ್ತು 8, ಬಿ ಮತ್ತು 8, 5 ಮತ್ತು 6 ಒಂದೇ ಥರ ಕಾಣುತ್ತವೆ. ನಾನು ನೋಟ್‌ಬುಕ್ಕಿನಲ್ಲಿ ಬೋರ್ಡಿನ ನಕ್ಷೆ ಬರೆದು, ಪ್ರತಿ ಚಿಪ್ಪಿನ ಚೌಕದಲ್ಲಿ ಕಂಡದ್ದನ್ನೆಲ್ಲ ಸಾಲು ಸಾಲಾಗಿ ಬರೆದೆ. ಅನುಮಾನ ಇರುವ ಅಕ್ಷರದ ಕೆಳಗೆ ಗೆರೆ. ಚಿಪ್ಪಿನ ಲೋಹದ ಕಾಲುಗಳ ಸಂಖ್ಯೆ ಪಕ್ಕದಲ್ಲಿ. ಕಾಲುಗಳನ್ನು ಬರೆದುಕೊಂಡದ್ದು ಆಗ ಸುಮ್ನೆ ಅಭ್ಯಾಸಕ್ಕೆ. ಕೊನೆಗೆ ಬರಹಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಅದೇ.

57ರಲ್ಲಿ ಮೂವತ್ತಕ್ಕೂ ಹೆಚ್ಚು ಚಿಪ್‌ಗಳು ಕಷ್ಟ ಕೊಡಲಿಲ್ಲ. ಅವೆಲ್ಲ 74 ಸರಣಿಯ, ಸಣ್ಣ ಸಣ್ಣ ಹೌದು-ಇಲ್ಲ ಲೆಕ್ಕ ಮಾಡುವ ಸಾಮಾನ್ಯ ಲಾಜಿಕ್ ಚಿಪ್‌ಗಳು. ಒಂದರ ಮೇಲೆ ಹೀಗಿತ್ತು: ಎಸ್‌ಎನ್74ಎಲ್‌ಎಸ್166ಎನ್, ಅದರ ಕೆಳಗೆ 8234. ಇದನ್ನು ಬಿಡಿಸಿದರೆ ಹೀಗೆ. ಎಸ್‌ಎನ್ ಅಂದರೆ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್. ಪಕ್ಕದಲ್ಲಿ ಟೆಕ್ಸಸ್ ರಾಜ್ಯದ ನಕ್ಷೆಯಂಥ ಗುರುತೂ ಇತ್ತು. 74 ಅಂದರೆ 0ಯಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸ ಮಾಡುವ ಮಾಮೂಲಿ ದರ್ಜೆ. ಅದೇ ಚಿಪ್ 54 ಅಂತ ಶುರುವಾದರೆ ಸೇನೆಯ ದರ್ಜೆ, ಮೈನಸ್ 55ರಿಂದ 125 ಡಿಗ್ರಿವರೆಗೆ. ಎಲ್‌ಎಸ್ ಅಂದರೆ ಕಡಿಮೆ ವಿದ್ಯುತ್ ತಿನ್ನುವ ಷಾಟ್ಕಿ ಕುಟುಂಬ. 166 ಅದರ ಕೆಲಸ: ಎಂಟು ಬಿಟ್‌ಗಳನ್ನು ಒಟ್ಟಿಗೆ ತೆಗೆದುಕೊಂಡು ಒಂದೊಂದಾಗಿ ಹೊರಗೆ ಕಳಿಸುವ ಷಿಫ್ಟ್ ರಿಜಿಸ್ಟರ್. ಕೊನೆಯ ಎನ್ ಅಂದರೆ ಪ್ಲಾಸ್ಟಿಕ್ ಮೈ. 8234 ಅಂದರೆ 1982ರ 34ನೇ ವಾರದಲ್ಲಿ ತಯಾರಾದದ್ದು.

ಅಂದರೆ ಆ ಎರಡು ಸಾಲನ್ನು ಒಬ್ಬರೇ ಬರೆದಿಲ್ಲ. ತಯಾರಕರದು ಒಂದು ಭಾಗ, ಎಲ್ಲರೂ ಒಪ್ಪಿಕೊಂಡ ಹೆಸರು ಒಂದು ಭಾಗ, ಮೈ ಯಾವುದು ಅಂತ ಒಂದು ಭಾಗ, ಕಾರ್ಖಾನೆಯ ವಾರ ಒಂದು ಭಾಗ. ಯಾವುದು ಯಾರದು ಅಂತ ಬೇರೆ ಮಾಡದೆ ಇಡೀ ಸಾಲನ್ನು ಹುಡುಕಿದರೆ ಏನೂ ಸಿಗುವುದಿಲ್ಲ.

ತೊಂದರೆ ಏನೆಂದರೆ ಒಂದೇ ಅಕ್ಷರಕ್ಕೆ ಒಬ್ಬೊಬ್ಬರಲ್ಲಿ ಒಂದೊಂದು ಅರ್ಥ. ಇಂಟೆಲ್ ಚಿಪ್ಪಿನ ಮೊದಲಲ್ಲಿ ಸಿ ಇದ್ದರೆ ಅದು ಸೆರಾಮಿಕ್. ಎನ್‌ಇಸಿ ಚಿಪ್ಪಿನ ಕೊನೆಯಲ್ಲಿ ಸಿ ಇದ್ದರೆ ಅದು ಪ್ಲಾಸ್ಟಿಕ್. ಮೊಟೊರೊಲಾದಲ್ಲಿ ಪ್ಲಾಸ್ಟಿಕ್‌ಗೆ ಪಿ, ಸೆರಾಮಿಕ್‌ಗೆ ಎಲ್. ಸಿಗ್ನೆಟಿಕ್ಸ್‌ನಲ್ಲಿ ಮೊದಲ ಎನ್ ಮಾಮೂಲಿ ದರ್ಜೆಗೆ, ಕೊನೆಯ ಎನ್ ಪ್ಲಾಸ್ಟಿಕ್‌ಗೆ. ನನ್ನ ಬೋರ್ಡಿನಲ್ಲಿ ಎನ್8ಟಿ97ಎನ್ ಅಂತ ಎರಡು ಚಿಪ್ ಇದ್ದವು. ಎರಡು ಎನ್ ತೆಗೆದರೆ 8ಟಿ97. ಅದು 74367 ಮಾಡುವ ಕೆಲಸವನ್ನೇ ಮಾಡುವ ಬಫರ್, ಅಂದರೆ ಸಂಕೇತಕ್ಕೆ ಬಲ ಕೊಟ್ಟು ಮುಂದೆ ದಾಟಿಸುವ ಚಿಪ್.

ಈ ವಿಷಯದಲ್ಲಿ ಸೋವಿಯತ್ ಚಿಪ್‌ಗಳ ಪದ್ಧತಿ ನನಗೆ ತುಂಬಾ ಇಷ್ಟ. ಈ ಬೋರ್ಡಿನಲ್ಲಿ ಅವು ಇರಲಿಲ್ಲ, ಆದರೂ ಹೇಳಬೇಕು ಅನಿಸುತ್ತದೆ. ಅವರ ಕೆ155ಎಲ್‌ಎ3 ಅಂದರೆ ನಮ್ಮ 7400. 155 ಕುಟುಂಬದ ನಂಬರ್. ಎಲ್‌ಎ ಅಂದರೆ ನ್ಯಾಂಡ್ ಗೇಟ್ (ಗೇಟ್ ಅಂದರೆ ಒಳಬಂದ ಸಂಕೇತ ನೋಡಿ ಹೌದು ಅಥವಾ ಇಲ್ಲ ಅನ್ನುವ ಸರ್ಕ್ಯೂಟ್). ಟಿಎಂ ಇದ್ದರೆ ಒಂದು ಬಿಟ್ ನೆನಪಿಡುವ ಡಿ ಫ್ಲಿಪ್‌ಫ್ಲಾಪ್. ಹೆಸರು ನೋಡಿದ ಕೂಡಲೇ ಕೆಲಸ ಗೊತ್ತಾಗುತ್ತದೆ. 7400, 7474 ಅಂತ ಇದ್ದರೆ ಬಾಯಿಪಾಠ ಮಾಡದೆ ದಾರಿಯಿಲ್ಲ.

ತಾರೀಕುಗಳಿಗೆ ಬೇರೆ ಕಾಲಂ ಮಾಡಿಕೊಂಡೆ. ಇಲ್ಲಿ ಹಳೆಯ ಮೋಸವೊಂದಿದೆ. 7402 ಅಂತ ಬರೆದಿದ್ದರೆ ಅದು ನಾರ್ ಗೇಟ್ ಇರಬಹುದು, 1974ರ ಎರಡನೇ ವಾರವೂ ಇರಬಹುದು. 7474 ಆದರೆ ಅನುಮಾನ ಇಲ್ಲ, ವರ್ಷಕ್ಕೆ 74 ವಾರ ಇರುವುದಿಲ್ಲವಲ್ಲ. ಅನುಮಾನ ಬಂದಾಗ ಅಕ್ಕಪಕ್ಕದ ಚಿಪ್‌ಗಳ ತಾರೀಕು ನೋಡಬೇಕು. ನನ್ನ ಬೋರ್ಡಿನಲ್ಲಿ ಬಹುತೇಕ ಎಲ್ಲವೂ 8221ರಿಂದ 8248ರ ಒಳಗಿದ್ದವು. ಒಂದೇ ಒಂದು ಚಿಪ್ 8507. ಅದರ ಕೆಳಗೆ ಸಾಕೆಟ್ ಇತ್ತು, ಬೆಸುಗೆಯ ಸುತ್ತ ಬೋರ್ಡ್ ಸ್ವಲ್ಪ ಕಂದಾಗಿತ್ತು. 1985ರಲ್ಲೋ ಆಮೇಲೋ ಯಾರೋ ಹಳೇ ಚಿಪ್ ತೆಗೆದು ಕೈಯಲ್ಲಿ ಹೊಸದು ಕೂರಿಸಿದ್ದಾರೆ. ಅದನ್ನು ಗೆಳೆಯನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪನೇ ಇರಬೇಕು. ಅವರ ಹತ್ರ ಬೆಸುಗೆ ಕಡ್ಡಿ ಇತ್ತು” ಅಂದ.

ಆಮೇಲಿನವು ದೊಡ್ಡ ಚಿಪ್‌ಗಳು. ಇವುಗಳಲ್ಲಿ ಹೆಸರು ಇದೆ, ಆದರೆ ಗುರುತಾಗುವುದಿಲ್ಲ. ಒಂದು 40 ಕಾಲಿನದು: ಎನ್‌ಇಸಿ, ಡಿ780ಸಿ-1. ಎನ್‌ಇಸಿಯವರ ಪೂರ್ತಿ ಹೆಸರು ಮ್ಯೂ, ಪಿ, ಡಿ ಅಂತ ಶುರುವಾಗುತ್ತದೆ. ಡಿ ಅಂದರೆ ಮಾಸ್ ಡಿಜಿಟಲ್, ಬಿ ಅಂದರೆ ಬೈಪೋಲಾರ್ ಡಿಜಿಟಲ್, ಸಿ ಅಂದರೆ ಅನಲಾಗ್; ಮಾಸ್, ಬೈಪೋಲಾರ್ ಎರಡೂ ಟ್ರಾನ್ಸಿಸ್ಟರಿನ ಬಗೆಗಳು. ಚಿಪ್ ಮೇಲೆ ಜಾಗ ಉಳಿಸಲು ಮೊದಲ ಎರಡನ್ನು ಬಿಡುತ್ತಿದ್ದರು. 780 ಅಂದರೆ ಜೈಲಾಗ್‌ನವರ ಜೆಡ್80 ಪ್ರೊಸೆಸರಿನ ಎನ್‌ಇಸಿ ರೂಪ. ಕೊನೆಯ 1 ಅದರ ವೇಗ, 4 ಮೆಗಾಹರ್ಟ್ಸ್.

ಡೇಟಾಬುಕ್ಕಿನ, ಅಂದರೆ ತಯಾರಕರ ವಿವರಗಳ ಪುಸ್ತಕದ, ಹಳೇ ಸ್ಕ್ಯಾನ್ ಹೀಗೆ ಹೇಳಿತು. ಆದರೂ ಪರೀಕ್ಷೆ ಮಾಡೋಣ ಅಂತ ಮಲ್ಟಿಮೀಟರನ್ನು ಬೀಪ್ ಸ್ಥಾನಕ್ಕೆ ತಿರುಗಿಸಿದೆ. ಅದರ ಎರಡು ಕಡ್ಡಿ ಮುಟ್ಟಿದ ಜಾಗಗಳು ತಾಮ್ರದಲ್ಲಿ ಸೇರಿದ್ದರೆ ಬೀಪ್ ಅನ್ನುತ್ತದೆ. ಬೋರ್ಡಿಗೆ ವಿದ್ಯುತ್ ಕೊಟ್ಟಿರಲಿಲ್ಲ, ಈ ಕೆಲಸಕ್ಕೆ ಕೊಡಲೂಬಾರದು. ಗುರುತಾದ 74 ಚಿಪ್‌ಗಳಿಂದ ಗ್ರೌಂಡ್ (ಸೊನ್ನೆ ವೋಲ್ಟ್) ಯಾವುದು, 5 ವೋಲ್ಟ್ ಯಾವುದು ಅಂತ ಮೊದಲೇ ಗೊತ್ತಿತ್ತು. ಜೆಡ್80ಯಲ್ಲಿ ಇವು ವಿಚಿತ್ರ ಜಾಗದಲ್ಲಿವೆ: 5 ವೋಲ್ಟ್ 11ನೇ ಕಾಲಿಗೆ, ಗ್ರೌಂಡ್ 29ಕ್ಕೆ. ಮುಟ್ಟಿದೆ, ಬೀಪ್ ಬರಲಿಲ್ಲ. ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಆಮೇಲೆ ತಿಳಿಯಿತು. ಬೋರ್ಡನ್ನು ತಿರುಗಿಸಿ ಬೆಸುಗೆಯ ಕಡೆಯಿಂದ ಎಣಿಸುತ್ತಿದ್ದೆ, ಅಲ್ಲಿಂದ ನೋಡಿದರೆ ಎಡಬಲ ಅದಲುಬದಲು. ನಾನು 11 ಅಂತ ಮುಟ್ಟುತ್ತಿದ್ದದ್ದು 30ನೇ ಕಾಲು. ಸರಿಯಾಗಿ ಎಣಿಸಿದ ಮೇಲೆ ಎರಡೂ ಕಡೆ ಬೀಪ್ ಬಂತು. ಆ ಶಬ್ದ ಕೇಳಿ ಆದ ಸಂತೋಷ ಅಷ್ಟಿಷ್ಟಲ್ಲ. ಚಿಪ್ಪಿನ ಬರಹ ಹೇಳಿದ್ದನ್ನೇ ತಾಮ್ರವೂ ಹೇಳಿತ್ತು.

ಈ ಬೀಪ್ ಪರೀಕ್ಷೆಯೇ ಮುಂದೆ ನನ್ನ ಮುಖ್ಯ ಸಾಧನವಾಯಿತು. ಹಿಟಾಚಿಯವರ ಎಚ್‌ಡಿ46505ಎಸ್‌ಪಿ ಅನ್ನುವ ಇನ್ನೊಂದು 40 ಕಾಲಿನ ಚಿಪ್ ಇತ್ತು. ಹಿಟಾಚಿಯಲ್ಲಿ ಎಚ್‌ಡಿ ಅಂದರೆ ಡಿಜಿಟಲ್, ಎಚ್‌ಎ ಅನಲಾಗ್, ಎಚ್‌ಎಂ ರ‍್ಯಾಮ್, ಎಚ್‌ಎನ್ ರೋಮ್ (ಓದಲು ಮಾತ್ರ ಬರುವ ಮೆಮೊರಿ). 46505 ಅನ್ನುವುದು ಮೊಟೊರೊಲಾ 6845ರ ಹಿಟಾಚಿ ಹೆಸರು. ಎರಡು ನಂಬರಿಗೂ ಹೋಲಿಕೆಯೇ ಇಲ್ಲ. ಗೊತ್ತಿಲ್ಲದವರು ಎಷ್ಟು ನೋಡಿದರೂ ಊಹಿಸಲಾರರು. 6845 ಅಂದರೆ ಪರದೆ ನಡೆಸುವ ಚಿಪ್. 1981ರ ಐಬಿಎಂ ಪಿಸಿಯ ಎರಡೂ ಡಿಸ್‌ಪ್ಲೇ ಕಾರ್ಡ್‌ಗಳಲ್ಲಿ ಇದ್ದದ್ದು ಇದೇ. ಗ್ರೌಂಡ್ 1ಕ್ಕೆ, 5 ವೋಲ್ಟ್ 20ಕ್ಕೆ. ಬೀಪ್, ಬೀಪ್.

ಹಾಗಾದರೆ ಈ ಬೋರ್ಡ್ ಪರದೆಯ ಮೇಲೆ ಏನೋ ಬರೆಯುತ್ತಿತ್ತು. ಅದರ ಪಕ್ಕದಲ್ಲಿ ತೋಷಿಬಾದ ಟಿಎಂಎಂ314ಎಪಿ, ನಾಲ್ಕು. 18 ಕಾಲು, 9 ಗ್ರೌಂಡ್, 18ಕ್ಕೆ 5 ವೋಲ್ಟ್. ಇದು ಎಲ್ಲರಿಗೂ ಗೊತ್ತಿರುವ 2114 ರ‍್ಯಾಮ್‌ನ ತೋಷಿಬಾ ಹೆಸರು. ಒಂದೊಂದರಲ್ಲಿ 1024 ಜಾಗ, ಜಾಗಕ್ಕೆ 4 ಬಿಟ್. ನಾಲ್ಕು ಸೇರಿದರೆ 2048 ಬೈಟ್. ಸಾಲಿಗೆ 80 ಅಕ್ಷರದಂತೆ 24 ಸಾಲು ಅಂದರೆ 1920. ಸರಿಯಾಗಿ ಹಿಡಿಯುತ್ತದೆ! ಪರದೆಯ ಮೇಲಿನ ಅಕ್ಷರಗಳು ಕೂರುತ್ತಿದ್ದ ಜಾಗ ಇದೇ ಇರಬೇಕು ಅಂತ ನೋಟ್‌ಬುಕ್ಕಿನಲ್ಲಿ ಬರೆದೆ, ಪ್ರಶ್ನೆಚಿಹ್ನೆ ಹಾಕಿ.

ದೊಡ್ಡ ಕನೆಕ್ಟರಿನ ಹತ್ತಿರ ಎಸ್‌ಎನ್75188ಎನ್, ಎಸ್‌ಎನ್75189ಎನ್. 74 ಸರಣಿಯ ದೊಡ್ಡಣ್ಣಂದಿರು ಅಂದುಕೊಂಡಿದ್ದೆ. ಅಲ್ಲ. ಇವು ಮೊಟೊರೊಲಾದ ಎಂಸಿ1488, ಎಂಸಿ1489ರ ಟೆಕ್ಸಸ್ ಹೆಸರುಗಳು. ಬಿಟ್‌ಗಳು ಒಂದರ ಹಿಂದೊಂದು ಹೋಗುವ ಸೀರಿಯಲ್ ತಂತಿಗೆ ಸಂಕೇತ ಕಳಿಸುವುದು 1488, ತೆಗೆದುಕೊಳ್ಳುವುದು 1489. ಅಲ್ಲೇ ಮಿತ್ಸುಬಿಷಿಯ ಎಂ5ಎಲ್8251ಎಪಿ. ಮೊದಲ ಎಂ5ಎಲ್ ಮಿತ್ಸುಬಿಷಿಯದು, ಉಳಿದದ್ದು ಇಂಟೆಲ್‌ನ 8251ಎ, ಸೀರಿಯಲ್ ಚಿಪ್. ಪ್ರೊಸೆಸರ್, ಪರದೆ, ಸೀರಿಯಲ್ ತಂತಿ ಮೂರೂ ಸಿಕ್ಕವು. ಇದು ಟರ್ಮಿನಲ್ಲಿನ ಬೋರ್ಡು, ದೂರದ ದೊಡ್ಡ ಕಂಪ್ಯೂಟರಿಗೆ ತಂತಿ ಹಾಕಿ ಕೂರುವ ಪರದೆ ಮತ್ತು ಕೀಲಿಮಣೆ. ಒಂದು ವಾರದಲ್ಲಿ ಇಷ್ಟಾಯಿತು. ಗೆಳೆಯನಿಗೆ ಉತ್ತರ ಆಗಲೇ ಹೇಳಬಹುದಿತ್ತು. ಆದರೆ ಇನ್ನೂ 11 ಚಿಪ್ ಬಾಕಿ ಇದ್ದವು. ಬಿಡಲು ಮನಸ್ಸಾಗಲಿಲ್ಲ.

ಮೊದಲು 16 ಕಾಲಿನ ಒಂದು ಸೆರಾಮಿಕ್ ಚಿಪ್. ಮೇಲೆ ಹಸಿರು ಬಣ್ಣದ ಚುಕ್ಕೆ, 6301-1ಜೆ ಅಂತ ಬರಹ. ಹುಡುಕಿದೆ. ಹಿಟಾಚಿ 6301 ಅನ್ನುವ ಮೈಕ್ರೊಕಂಟ್ರೋಲರ್ ಬಗ್ಗೆ ಪುಟಗಟ್ಟಲೆ ಸಿಕ್ಕಿತು. ಟರ್ಮಿನಲ್ಲಿಗೆ ಎರಡನೇ ಪ್ರೊಸೆಸರ್ ಅಂತ ಖುಷಿಪಟ್ಟು ಓದುತ್ತಾ ಕೂತೆ. ಆಮೇಲೆ ಕಾಲುಗಳ ಕಾಲಂ ಕಣ್ಣಿಗೆ ಬಿತ್ತು. ಹಿಟಾಚಿಯದಕ್ಕೆ 40 ಕಾಲು, ನನ್ನದಕ್ಕೆ 16. ಹಾಗಾಗಿ ಅದಲ್ಲ. ಗುರುತನ್ನು ಭೂತಗನ್ನಡಿಯಲ್ಲಿ ನೋಡಿದೆ, ಎಂಎಂಐ ಅನ್ನುವ ಮೂರಕ್ಷರ. ಮೊನೊಲಿಥಿಕ್ ಮೆಮೊರೀಸ್. ಅವರ 6301 ಅಂದರೆ 256 ಜಾಗ, ಜಾಗಕ್ಕೆ 4 ಬಿಟ್ ಇರುವ ಪ್ರೋಮ್, ಒಂದೇ ಸಲ ಬರೆಯಬಹುದಾದ ಮೆಮೊರಿ. ಇದೇ ಚಿಪ್ಪಿಗೆ ಸಿಗ್ನೆಟಿಕ್ಸ್‌ನಲ್ಲಿ 82ಎಸ್129 ಅಂತ ಹೆಸರು, ಹ್ಯಾರಿಸ್‌ನಲ್ಲಿ ಎಚ್‌ಎಂ7611, 74 ಸರಣಿಯಲ್ಲಿ 74ಎಸ್287. ಒಂದು ವಸ್ತುವಿಗೆ ನಾಲ್ಕು ಹೆಸರು, ಒಂದು ನಂಬರಿಗೆ ಎರಡು ವಸ್ತು! ಹ್ಯಾರಿಸ್‌ನ ಎಚ್‌ಎಂ ಮತ್ತು ಹಿಟಾಚಿಯ ಎಚ್‌ಎಂ ಬೇರೆ ಬೇರೆ ಅನ್ನುವುದನ್ನೂ ಅಲ್ಲೇ ಬರೆದಿಟ್ಟುಕೊಂಡೆ. ಹಸಿರು ಚುಕ್ಕೆ ಬೋರ್ಡ್ ಮಾಡಿದವರದು. ಒಳಗೆ ಬರೆದು ಮುಗಿಸಿದ ಪ್ರೋಮ್ ಯಾವುದು ಅಂತ ಅವರಿಗೆ ಗುರುತಿರಬೇಕಲ್ಲ.

ಇನ್ನು ಎಂಟು ಚಿಪ್‌ಗಳು, ನಾಲ್ಕರಂತೆ ಎರಡು ಸಾಲು. ಎಲ್ಲಕ್ಕೂ 16 ಕಾಲು. ಮೇಲೆ ತಯಾರಕರ ಹೆಸರಿಲ್ಲ. ಐದು ಅಂಕಿ, ಅಡ್ಡಗೆರೆ, ಎರಡು ಅಂಕಿ, ಕೆಳಗೆ 8236. ಅಷ್ಟೇ. ಇದು ಮನೆ ನಂಬರ್. ದೊಡ್ಡ ಕಂಪನಿಗಳು ಚಿಪ್ ಕೊಳ್ಳುವಾಗ ತಮ್ಮದೇ ನಂಬರ್ ಹಾಕಿಸಿಕೊಳ್ಳುತ್ತಿದ್ದವು. ಮೂರು ಜನ ಬೇರೆ ಬೇರೆ ತಯಾರಕರ ಒಂದೇ ಚಿಪ್ಪಿಗೆ ಉಗ್ರಾಣದಲ್ಲಿ ಒಂದೇ ನಂಬರ್ ಸಾಕು. ಆರಿಸಿ ಪರೀಕ್ಷೆ ಮಾಡಿದ ಚಿಪ್ ಅಂತ ಗುರುತೂ ಆಗುತ್ತದೆ. ಹ್ಯೂಲೆಟ್ ಪ್ಯಾಕರ್ಡ್‌ನವರ ಡಿಜಿಟಲ್ ಚಿಪ್‌ಗಳು 1820 ಅಂತ ಶುರುವಾಗುತ್ತಿದ್ದವು, ಅವರ 1820-0054 ಅಂದರೆ ಮಾಮೂಲಿ 7400. ಟೆಕ್‌ಟ್ರಾನಿಕ್ಸ್‌ನವರದು 156. ಇಂಥ ದೊಡ್ಡವರ ಪಟ್ಟಿಗಳನ್ನು ಹಳಬರು ಕೂಡಿಟ್ಟಿದ್ದಾರೆ. ನನ್ನ ನಂಬರ್ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಬರಹ ಇಲ್ಲಿಗೆ ಮುಗಿಯಿತು. ಇನ್ನು ಬೋರ್ಡೇ ಹೇಳಬೇಕು. 16 ಕಾಲಿನ 74 ಚಿಪ್ ಆದರೆ 8 ಗ್ರೌಂಡ್, 16ಕ್ಕೆ 5 ವೋಲ್ಟ್. ಮುಟ್ಟಿ ನೋಡಿದೆ. ಉಲ್ಟಾ! 16ನೇ ಕಾಲು ಗ್ರೌಂಡ್‌ಗೆ ಬೀಪ್ ಅಂದಿತು. ಗ್ರೌಂಡ್ 16ರಲ್ಲಿದ್ದರೆ ಡೈನಾಮಿಕ್ ರ‍್ಯಾಮ್ ಅನ್ನುವ ಅನುಮಾನ ಬರಬೇಕು. ಎಂಟು ಒಂದೇ ಥರದ ಚಿಪ್ ಸಾಲಾಗಿದ್ದರೆ ಒಂದೊಂದು ಒಂದು ಬಿಟ್ ಹಿಡಿಯುತ್ತದೆ ಅಂತಲೂ ಅರ್ಥ. ಆ ಬಗೆಯ 4164 ಅನ್ನುವ ಚಿಪ್ ಆಗಿದ್ದರೆ 8ನೇ ಕಾಲು 5 ವೋಲ್ಟ್‌ಗೆ ಸೇರಬೇಕು. ಸೇರಲಿಲ್ಲ. 5 ವೋಲ್ಟ್ ಸಿಕ್ಕಿದ್ದು 9ರಲ್ಲಿ. ಹಾಗಾದರೆ 8 ಎಲ್ಲಿಗೆ ಹೋಗುತ್ತದೆ?

ಒಂದು ಸಂಜೆ ಪೂರ್ತಿ ಆ ತಾಮ್ರದ ಗೆರೆಯನ್ನು ಹಿಂಬಾಲಿಸಿದೆ. ಗೆರೆ ಬೋರ್ಡಿನ ಕೆಳಗೆ ಹೋಯಿತು, ಮೇಲೆ ಬಂತು, ಕನೆಕ್ಟರಿನ ಹತ್ತಿರ ಕಳೆದುಹೋಯಿತು. ಕೊನೆಗೆ 1488ರ 14ನೇ ಕಾಲಿನಲ್ಲಿ ಬೀಪ್ ಬಂತು. 1488ಕ್ಕೆ ಆ ಕಾಲಿನಲ್ಲಿ ಕೊಡುವುದು ಪ್ಲಸ್ 12 ವೋಲ್ಟ್. ಹಾಗೇ ಎಂಟೂ ಚಿಪ್‌ಗಳ 1ನೇ ಕಾಲು ಒಂದು ಪುಟ್ಟ ಮೂರು ಕಾಲಿನ 79ಎಲ್05ಗೆ ಸೇರುತ್ತಿತ್ತು. ಅದು ಮೈನಸ್ 5 ವೋಲ್ಟ್ ಕೊಡುವ ರೆಗ್ಯುಲೇಟರ್. ಪ್ಲಸ್ 12, ಪ್ಲಸ್ 5, ಮೈನಸ್ 5, ಮೂರೂ ಬೇಕಾದ 16 ಕಾಲಿನ ರ‍್ಯಾಮ್. ಇದು 4116. ಒಂದರಲ್ಲಿ 16,384 ಬಿಟ್. ಅಷ್ಟು ಜಾಗಕ್ಕೆ ವಿಳಾಸ ಬರೆಯಲು 14 ಗೆರೆ ಬೇಕು, ಕಾಲುಗಳು ಸಾಲುವುದಿಲ್ಲ. ಅದಕ್ಕೆ ವಿಳಾಸವನ್ನು ಏಳೇಳಾಗಿ ಎರಡು ಸಲ ಕೊಡುತ್ತಾರೆ. 1973ರಲ್ಲಿ ಮಾಸ್ಟೆಕ್‌ನವರು ತಮ್ಮ ಎಂಕೆ4096ರಲ್ಲಿ ತಂದ ಉಪಾಯ ಇದು. ವಿಳಾಸದ ಏಳು ಕಾಲುಗಳನ್ನೂ ಪರೀಕ್ಷೆ ಮಾಡಿದೆ. ಎಂಟೂ ಚಿಪ್‌ಗಳಲ್ಲಿ ಅವು ಒಂದಕ್ಕೊಂದು ಸೇರಿದ್ದವು.

ಒಂದೇ ಒಂದು ಗುರುತಿನ ಅಕ್ಷರ ಇಲ್ಲದ ಎಂಟು ಚಿಪ್‌ಗಳ ಹೆಸರನ್ನು ಮೂಲೆಯಲ್ಲಿದ್ದ 1488 ಹೇಳಿಕೊಟ್ಟಿತ್ತು. ಈ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ ಗಳಿಗೆ ಅದು.

ಉಳಿದವು ಎರಡು. ಮೊದಲನೆಯದು 28 ಕಾಲಿನ ಪ್ಲಾಸ್ಟಿಕ್ ಚಿಪ್, ಸಾಕೆಟ್ಟಿನಲ್ಲಿ. ಮೇಲಿನ ಸಾಲಿನಲ್ಲಿ ಮನೆ ನಂಬರ್, ಕೆಳಗಿನ ಸಾಲಿನಲ್ಲಿ 8251. ಇದನ್ನು ಮೊದಲ ದಿನವೇ ಸೀರಿಯಲ್ ಚಿಪ್ ಅಂತ ಬರೆದು ಮುಗಿಸಿದ್ದೆ. 8251ಕ್ಕೆ 28 ಕಾಲು, ಇದಕ್ಕೂ 28 ಕಾಲು. ಬೋರ್ಡಿನಲ್ಲಿ ಇನ್ನೊಂದು ಸಣ್ಣ ಕನೆಕ್ಟರೂ ಇತ್ತು, ಕೀಲಿಮಣೆಯದು. ಅದೂ ಸೀರಿಯಲ್ ಇರಬೇಕು, ಅದಕ್ಕೆ ಎರಡನೇ 8251 ಅಂತ ನನ್ನಷ್ಟಕ್ಕೆ ಕತೆ ಕಟ್ಟಿದ್ದೆ. ಎಲ್ಲ ಹೊಂದಿಕೊಂಡಿತ್ತು. ಅದಕ್ಕೇ ಬೀಪ್ ಪರೀಕ್ಷೆಯನ್ನೂ ಮಾಡಿರಲಿಲ್ಲ. ಎರಡನೇ ವಾರದಲ್ಲಿ ಕೀಲಿಮಣೆಯ ಗೆರೆಗಳನ್ನು ಹಿಂಬಾಲಿಸಿದಾಗ ಅವು ಎಂಟೂ ನೇರವಾಗಿ ಒಂದು 74ಎಲ್‌ಎಸ್244ಕ್ಕೆ ಹೋದವು, ಆ ಚಿಪ್ಪಿನ ಹತ್ತಿರ ಸುಳಿಯಲೇ ಇಲ್ಲ. ಆಗ ಅನುಮಾನ ಬಂತು.

8251ರಲ್ಲಿ ಗ್ರೌಂಡ್ 4ನೇ ಕಾಲು, 5 ವೋಲ್ಟ್ 26. ಮುಟ್ಟಿದೆ. ಎರಡೂ ಮೌನ. ಈ ಸಲ ಮೇಲಿನಿಂದಲೇ ಎಣಿಸಿದ್ದೆ, ಮೂರು ಸಲ. 14ನ್ನು ಮುಟ್ಟಿದರೆ ಗ್ರೌಂಡ್, 28ನ್ನು ಮುಟ್ಟಿದರೆ 5 ವೋಲ್ಟ್. ಮೆಮೊರಿ ಚಿಪ್‌ಗಳ ಕ್ರಮ ಅದು. ಜೆಡ್80ಯ ವಿಳಾಸದ ಮೊದಲ ಗೆರೆ 30ನೇ ಕಾಲಿನಲ್ಲಿ. 2764ರಂಥ 8 ಕಿಲೊಬೈಟಿನ ಮೆಮೊರಿ ಚಿಪ್ ಆದರೆ ಅದು 10ನೇ ಕಾಲಿಗೆ ಸೇರಬೇಕು. ಬೀಪ್! 8251 ಚಿಪ್ಪಿನ ಹೆಸರೇ ಅಲ್ಲ. 1982ರ 51ನೇ ವಾರ. ಚಿಪ್, 8 ಕಿಲೊಬೈಟಿನ ರೋಮ್. 7402ರ ಮೋಸವನ್ನು ನೋಟ್‌ಬುಕ್ಕಿನ ಮೂರನೇ ಪುಟದಲ್ಲಿ ನಾನೇ ಬರೆದಿಟ್ಟಿದ್ದೆ. ಕಾಲುಗಳ ಸಂಖ್ಯೆಯೂ ಹೊಂದಿದ್ದರಿಂದ ಅದು ನೆನಪಾಗಲೇ ಇಲ್ಲ.

ಇಂಥ ರೋಮ್ ಮೇಲಿನ ಮನೆ ನಂಬರಿಗೆ ಬೇರೆಯೇ ಅರ್ಥ. ಒಳಗಿನ ಬರಹವನ್ನು ಕಾರ್ಖಾನೆಯಲ್ಲೇ ಚಿಪ್ಪಿನ ಜೊತೆ ಅಚ್ಚು ಹಾಕಿರುತ್ತಾರೆ. ಹಾಗಾಗಿ ಆ ನಂಬರ್ ಚಿಪ್ಪಿನ ಹೆಸರಲ್ಲ, ಒಳಗಿರುವ ಪ್ರೋಗ್ರಾಮಿನ ಹೆಸರು. ಅದಕ್ಕೆ ಬದಲಿ ಚಿಪ್ ಅಂತ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಈ ಚಿಪ್ ಕೆಟ್ಟರೆ ಆ ಪ್ರೋಗ್ರಾಮ್ ಹೋದಂತೆಯೇ. ಅದೇ ದಿನ ಅದನ್ನು ಸಾಕೆಟ್ಟಿನಿಂದ ತೆಗೆದು, ಒಳಗಿನದನ್ನು ಓದಿ ಮೂರು ಕಡೆ ಉಳಿಸಿಟ್ಟೆ. ಇನ್ನೊಂದು ವಿಷಯವೂ ಸಿಕ್ಕಿತು. ಮೊದಲಿಂದ ಇದ್ದ ಚಿಪ್‌ಗಳಲ್ಲಿ ಇದೇ ಎಲ್ಲಕ್ಕಿಂತ ಹೊಸದು. ಅಂದರೆ ಬೋರ್ಡ್ ಜೋಡಿಸಿದ್ದು 1982ರ ಡಿಸೆಂಬರ್ ಕೊನೆಗೆ ಅಥವಾ ಆಮೇಲೆ.

ಕೊನೆಯದು 24 ಕಾಲಿನ ಇಪ್ರೋಮ್, ಬೆಳಕಿನಿಂದ ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ. ನಡುವೆ ಗಾಜಿನ ಕಿಟಕಿ, ಕಿಟಕಿಯ ಮೇಲೆ ಹಳದಿಯಾದ ಸ್ಟಿಕ್ಕರ್. ಸ್ಟಿಕ್ಕರ್ ಚಿಪ್ಪಿನ ಬರಹವನ್ನೂ ಮುಚ್ಚಿತ್ತು. ಇದನ್ನು ಅವಸರದಲ್ಲಿ ಕೀಳಬಾರದು. ಕಿಟಕಿ ತೆರೆದಿಟ್ಟರೆ ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರದಲ್ಲಿ, ಟ್ಯೂಬ್‌ಲೈಟಿನಲ್ಲಿ ಸುಮಾರು ಮೂರು ವರ್ಷದಲ್ಲಿ ಒಳಗಿರುವುದು ಅಳಿಸಿಹೋಗುತ್ತದೆ. ಸಂಜೆ ಕಿಟಕಿಯ ಪರದೆ ಎಳೆದು, ಸ್ಟಿಕ್ಕರಿಗೆ ಬೆಚ್ಚನೆಯ ಗಾಳಿ ಹಾಯಿಸಿ, ಒಂದು ಮೂಲೆಯನ್ನು ಮೆಲ್ಲಗೆ ಎತ್ತಿದೆ. ಕಂಡದ್ದು 2716 ಅನ್ನುವ ನಾಲ್ಕು ಅಂಕಿ. ಸ್ಟಿಕ್ಕರನ್ನು ಮತ್ತೆ ಒತ್ತಿದೆ. 2716 ಗೊತ್ತಿರುವ ಚಿಪ್, 2048 ಬೈಟ್. ಚಿಪ್ ಓದುವ ರೀಡರ್ ತೆಗೆದು ಮೇಜಿನ ಮೇಲಿಟ್ಟೆ.

ಹಿಂದಿನ ವಾರ 8251 ಕಲಿಸಿದ್ದು ನೆನಪಾಯಿತು. ಮೊದಲು ಬೀಪ್ ನೋಡೋಣ ಅಂದುಕೊಂಡೆ. 12 ಗ್ರೌಂಡ್, ಸರಿ. 24ಕ್ಕೆ 5 ವೋಲ್ಟ್, ಸರಿ. 21ನೇ ಕಾಲು ಓದುವಾಗ 5 ವೋಲ್ಟ್‌ನಲ್ಲಿ ಇರಬೇಕು. ಅದು ಆ 79ಎಲ್05ಗೆ, ಮೈನಸ್ 5ಕ್ಕೆ ಸೇರಿತ್ತು. 19ನೇ ಕಾಲು ವಿಳಾಸದ ಗೆರೆ ಆಗಬೇಕು. ಅದು 1488ರ 14ನೇ ಕಾಲಿಗೆ, ಪ್ಲಸ್ 12ಕ್ಕೆ! ಸ್ಟಿಕ್ಕರಿನ ಇನ್ನೊಂದು ಮೂಲೆ ಎತ್ತಿದೆ. 2716ರ ಮುಂದೆ ಟಿಎಂಎಸ್ ಅಂತ ಇತ್ತು. ಟೆಕ್ಸಸ್‌ನವರ ಟಿಎಂಎಸ್2716 ಇಂಟೆಲ್‌ನ 2716 ಅಲ್ಲ. ಅದಕ್ಕೆ ಹಳೇ 2708 ಇಪ್ರೋಮಿನಂತೆ ಮೂರು ವೋಲ್ಟೇಜ್ ಬೇಕು. ಇಂಟೆಲ್ 2716ಕ್ಕೆ ಸಮನಾದದ್ದಕ್ಕೆ ಅವರು ಟಿಎಂಎಸ್2516 ಅಂತ ಹೆಸರಿಟ್ಟರು. ಆ ಮೂರಕ್ಷರ ಓದದೆ ರೀಡರಿಗೆ ಹಾಕಿದ್ದರೆ ತಪ್ಪು ಕಾಲುಗಳಿಗೆ ತಪ್ಪು ವೋಲ್ಟೇಜ್ ಹೋಗುತ್ತಿತ್ತು.

ಇದು ಏನು ಹಿಡಿದಿದೆ ಅಂತ ಓದುವ ಮೊದಲೇ ಗೊತ್ತಾಯಿತು. ಕೆಳಗಿನ ನಾಲ್ಕು ವಿಳಾಸದ ಗೆರೆಗಳು ಹಿಟಾಚಿ ಚಿಪ್ಪಿನ 38, 37, 36, 35ನೇ ಕಾಲುಗಳಿಗೆ ಹೋದವು. ಅಕ್ಷರದ ಎಷ್ಟನೇ ಅಡ್ಡಸಾಲು ಅಂತ ಹೇಳುವ ಕಾಲುಗಳವು. ಹೊರಬರುವ ಎಂಟು ಗೆರೆಗಳು ಮೊದಲ ದಿನ ಓದಿದ ಆ 74ಎಲ್‌ಎಸ್166ಕ್ಕೆ ಹೋದವು. ಅಲ್ಲಿಂದ ಚುಕ್ಕೆಗಳು ಒಂದೊಂದಾಗಿ ಪರದೆಗೆ. ಇದು ಅಕ್ಷರಗಳ ಆಕಾರ ಇಟ್ಟುಕೊಂಡ ಚಿಪ್. ಅಕ್ಷರಕ್ಕೆ 16 ಸಾಲಿನಂತೆ 128 ಅಕ್ಷರ, ಒಟ್ಟು 2048 ಬೈಟ್. ಆ ಟಿಎಂಎಂ314 ಚಿಪ್‌ಗಳ ಮುಂದೆ ಹಾಕಿದ್ದ ಪ್ರಶ್ನೆಚಿಹ್ನೆಯನ್ನೂ ಅಳಿಸಿದೆ.

ಓದಲು ಒಂದು ಪುಟ್ಟ ಬೋರ್ಡ್ ಮಾಡಿಕೊಂಡೆ. ಇಂಥ ಚಿಪ್‌ಗಳಿಗೆ ಮೈನಸ್ 5 ಎಲ್ಲಕ್ಕಿಂತ ಮೊದಲು ಬರಬೇಕು, ಎಲ್ಲಕ್ಕಿಂತ ಕೊನೆಗೆ ಹೋಗಬೇಕು. ಅದಕ್ಕೆ ಬೇರೆ ಸ್ವಿಚ್ ಇಟ್ಟೆ. ನಾಲ್ಕು ಸಲ ಓದಿದೆ, ನಾಲ್ಕು ಸಲವೂ ಒಂದೇ ಬಂತು. ಇಂಗ್ಲಿಷಿನ ದೊಡ್ಡ ಎ ಅಕ್ಷರದ ನಂಬರ್ 65. 65 ಸಲ 16, 1040. ಅಲ್ಲಿಂದ 16 ಬೈಟ್‌ಗಳನ್ನು ಚೌಕದ ಕಾಗದದ ಮೇಲೆ ಪೆನ್ಸಿಲಿನಲ್ಲಿ ತುಂಬಿದೆ. ಮೊದಲೆರಡು ಸಾಲು ಖಾಲಿ. ಆಮೇಲೆ ನಡುವೆ ಒಂದು ಚುಕ್ಕೆ. ಕೆಳಗೆ ಎರಡು, ಸ್ವಲ್ಪ ದೂರ ದೂರ. ಅದರ ಕೆಳಗೆ ಇನ್ನೂ ದೂರ. ಆಮೇಲೆ ಪೂರ್ತಿ ಒಂದು ಅಡ್ಡಗೆರೆ.

ಕಾಗದದ ಫೋಟೊ ತೆಗೆದು ಗೆಳೆಯನಿಗೆ ಕಳಿಸಿದೆ. ತಕ್ಷಣ ಫೋನ್ ಮಾಡಿದ.

“ಇದು ಅಪ್ಪ ದಿನಾ ನೋಡ್ತಿದ್ದ ಅಕ್ಷರನಾ?”

“ಹೌದು, ಇದೇ.”

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಉಳಿದ 127ನ್ನೂ ಹೀಗೇ ಬರೆದು ಕಳಿಸು ಅಂದ.